ಬಾವುಟ ಹಿಡಿದ ಪೋಸ್ಟ್‌ಮ್ಯಾನ್‌ನ ಹುಡುಕ್ಕೊಂಡು, ಅಪ್ಪನ ಜೊತೆ ಆರು ದಿನ

ನಮ್ಮಪ್ಪ ಬ್ಯಾಡಗಿ ಕಡೆ 34 ವರ್ಷ ಪೋಸ್ಟ್‌ಮ್ಯಾನ್ ಆಗಿದ್ದು ರಿಟೈರ್ ಆದವರು. ಈ ಸಲ ಅಪ್ಪ ಅವ್ವ ಇಬ್ಬರೂ ಬಾಸ್ಟನ್ ಹತ್ರ ಇರೋ ನಮ್ಮನೆಗೆ ಬಂದು ಎರಡು ತಿಂಗಳಾಗಿತ್ತು, ಅವ್ವ ಮೊಮ್ಮಗಳ ಜೊತೆ ಆರಾಮಾಗಿದ್ದಳು, ಅಪ್ಪಂಗೆ ಮಾತ್ರ ಹೊತ್ತು ಹೋಗ್ತಿರಲಿಲ್ಲ. ದಿನಾ ಮಧ್ಯಾಹ್ನ ಟಪಾಲಿನ ಬಿಳಿ ವ್ಯಾನು ಬರೋ ಹೊತ್ತಿಗೆ ಕರೆಕ್ಟಾಗಿ ಹೊರಗೆ ಹೋಗಿ ನಿಂತಿರೋರು. ಇಂಗ್ಲಿಷ್ ಅಷ್ಟಕ್ಕಷ್ಟೇ, ಆದ್ರೂ ಆ ಪೋಸ್ಟ್‌ಮ್ಯಾನ್‌ಗೆ ತಮ್ಮ ಹಳೇ ಐಡಿ ಕಾರ್ಡ್ ತೋರಿಸಿ, ನಾನೂ ನಿಮ್ಮವನೇ ಅಂತ ಕೈಸನ್ನೆ ಮಾಡಿ ದೋಸ್ತಿ ಮಾಡ್ಕೊಂಡಿದ್ರು.

ಒಂದಿನ ರಾತ್ರಿ ಊಟಕ್ಕೆ ಕೂತಾಗ ಕೇಳಿದ್ರು, "ತಮ್ಮಾ, ಈ ದೇಶದಾಗ ಟಪಾಲ್ ಹಂಚೋರೊಳಗ ಯಾರರೆ ದೊಡ್ಡ ಹೆಸರು ಮಾಡಿದವರು ಅದಾರೇನು?"

ನಂಗೆ ನೆನಪಾಗಿದ್ದು ವಿಲಿಯಂ ಹಾರ್ವಿ ಕಾರ್ನಿ. 1840ರಲ್ಲಿ ವರ್ಜೀನಿಯಾದ ನಾರ್ಫೋಕ್‌ನಲ್ಲಿ ಗುಲಾಮನಾಗಿ ಹುಟ್ಟಿದವನು, ಗುಲಾಮಗಿರಿ ಬಿಡಲ್ಲ ಅಂದ ದಕ್ಷಿಣದ ರಾಜ್ಯಗಳಿಗೂ ಉತ್ತರದವರಿಗೂ ನಡೆದ ಸಿವಿಲ್ ವಾರ್‌ನಲ್ಲಿ 23ನೇ ವಯಸ್ಸಿಗೆ ಉತ್ತರದ ಕಡೆ ವಾಲಂಟಿಯರ್ ಆಗಿ ಸೇರಿ ಫೋರ್ಟ್ ವ್ಯಾಗ್ನರ್ ಅನ್ನೋ ದಕ್ಷಿಣದವರ ಕೋಟೆ ಮೇಲೆ ಗುಂಡಿನ ಮಳೆಯಲ್ಲಿ ಗಾಯಗೊಂಡೂ ಬಾವುಟ ಹಿಡಿದವನು, ಆಮೇಲೆ ನ್ಯೂ ಬೆಡ್‌ಫೋರ್ಡ್ ಅನ್ನೋ ಊರಲ್ಲಿ 32 ವರ್ಷ ಪೋಸ್ಟ್‌ಮ್ಯಾನ್ ಆಗಿದ್ದವನು. ಗೊತ್ತಿದ್ದಷ್ಟು ಹೇಳ್ದೆ. ಅಪ್ಪ ರೊಟ್ಟಿ ಮುರಿಯೋದು ನಿಲ್ಲಿಸಿ ಕೇಳ್ತಾ ಇದ್ರು. ಬಾವುಟದ ಬಗ್ಗೆ ಏನಾದ್ರೂ ಕೇಳ್ತಾರೆ ಅಂದ್ಕೊಂಡಿದ್ದೆ, ಅವರು ಕೇಳಿದ್ದು ಬೇರೆ.

"ಗುಂಡು ಬಿದ್ದ ಮ್ಯಾಗ 32 ವರ್ಷ ಟಪಾಲ್ ಹಂಚಿದ್ನ? ನಡಕೋತ?"

ಹೌದು ಅಂದೆ. "ಅವನ ಊರು ಎಷ್ಟು ದೂರ ಆಗತೈತಿ?" ಅಂದ್ರು. ಮೇ ತಿಂಗಳ ಎರಡನೇ ವಾರ ನಾಲ್ಕು ದಿನ ರಜೆ ಹಾಕ್ದೆ, ಎರಡು ದಿನ ವೀಕೆಂಡು, ಒಟ್ಟು ಆರು ದಿನ. ಅವ್ವ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು.

ದಿನ 1, ಶುಕ್ರವಾರ, ಬಾಸ್ಟನ್

ನಮಗೆ ಹತ್ರ ಇದ್ದಿದ್ದು ಬಾಸ್ಟನ್, ಅದು ಕಾರ್ನಿ ತೀರಿಕೊಂಡ ಊರು, ಹಾಗಾಗಿ ನಮ್ಮ ಪ್ರವಾಸ ಕಥೆಯ ಕೊನೆಯಿಂದಲೇ ಶುರುವಾಯ್ತು. ಪಾರ್ಕ್ ಸ್ಟ್ರೀಟ್ ಸ್ಟೇಷನ್‌ನಲ್ಲಿ ಇಳಿದು ಬಾಸ್ಟನ್ ಕಾಮನ್ ಅನ್ನೋ ದೊಡ್ಡ ಮೈದಾನದ ಅಂಚಿಗೆ ಚಡಾವು ಹತ್ತಿದ್ರೆ ಎದುರಿಗೆ ಚಿನ್ನದ ಗುಮ್ಮಟದ ಸ್ಟೇಟ್ ಹೌಸ್, ಅಂದ್ರೆ ಈ ರಾಜ್ಯದ ವಿಧಾನಸೌಧ, ರಸ್ತೆಯ ಈ ಕಡೆ ಕಾರ್ನಿ ಇದ್ದ 54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟಿನ ಕಂಚಿನ ಸ್ಮಾರಕ. ಶಿಲ್ಪಿ ಆಗಸ್ಟಸ್ ಸೇಂಟ್ ಗಾಡೆನ್ಸ್ ಇದಕ್ಕೆ ಹತ್ತತ್ರ 14 ವರ್ಷ ತಗೊಂಡ್ರು, 1897ರ ಮೇ 31ಕ್ಕೆ ಅನಾವರಣ ಆಯ್ತು. ಮಧ್ಯದಲ್ಲಿ ಕುದುರೆ ಮೇಲೆ ರೆಜಿಮೆಂಟಿನ ಮುಖ್ಯಸ್ಥ ಕರ್ನಲ್ ರಾಬರ್ಟ್ ಗೌಲ್ಡ್ ಶಾ, ಬಿಳಿಯ, 25 ವರ್ಷದ ಹುಡುಗ. ಅವನ ಪಕ್ಕ, ಹಿಂದೆ, ಮುಂದೆ ಕರಿಯ ಸೈನಿಕರು ಹೆಗಲಿಗೆ ಬಂದೂಕು ಹಾಕ್ಕೊಂಡು ನಡೀತಿದಾರೆ. ಶಾ ಒಬ್ಬನದೇ ಪ್ರತಿಮೆ ಮಾಡೋದು ಬೇಡ, ಅವನ ಸೈನಿಕರೂ ಇರಬೇಕು ಅಂತ ಹೇಳಿದ್ದು ಶಾನ ಮನೆಯವರೇ.

ಅಪ್ಪ ಮೊದಲು ನೋಡಿದ್ದು ಶೂಗಳನ್ನ. "ನೋಡಿಲ್ಲೆ, ಬೂಟ್ ಸವದಾವ" ಅಂದ್ರು. ಆಮೇಲೆ ಒಂದೊಂದೇ ಮುಖ. ಒಬ್ಬನಿಗೆ ಗಡ್ಡ ನೆರೆತಿದೆ, ಇನ್ನೊಬ್ಬನಿಗೆ ಮೀಸೆಯೇ ಸರಿಯಾಗಿ ಬಂದಿಲ್ಲ, ಒಂದು ಮುಖ ಇನ್ನೊಂದರ ಥರ ಇಲ್ಲ, ಯಾಕಂದ್ರೆ ಶಿಲ್ಪಿ ನಿಜವಾದ ಮನುಷ್ಯರನ್ನ ಕೂರಿಸಿಕೊಂಡು ಮಾಡಿದ್ದು. ಸ್ಮಾರಕದ ಹಿಂಭಾಗಕ್ಕೆ ಹೋದ್ರೆ ಸತ್ತವರ ಹೆಸರು ಕೆತ್ತಿದಾರೆ. ಬಿಳಿ ಅಧಿಕಾರಿಗಳ ಹೆಸರು ಮೊದಲಿಂದಲೇ ಇದ್ವು, ಕರಿಯ ಸೈನಿಕರ ಹೆಸರು ಸೇರಿಸಿದ್ದು 1980ರ ದಶಕದಲ್ಲಿ. ಅದನ್ನ ಹೇಳಿದಾಗ ಅಪ್ಪ ಏನೂ ಮಾತಾಡ್ಲಿಲ್ಲ, ಆ ಹೆಸರುಗಳ ಮೇಲೆ ಬೆರಳು ಆಡಿಸ್ತಾ ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದಿದ್ರು, ಲಕೋಟೆ ಮೇಲಿನ ವಿಳಾಸ ಓದೋ ಥರ.

ವಾಲಂಟಿಯರ್ ಅಂದ್ರೆ ಏನು ಅಂತ ಇಲ್ಲೇ ಹೇಳಿಬಿಡ್ತೀನಿ. ಆಗ ಅಮೆರಿಕದ ಕಾಯಂ ಸೈನ್ಯ ತುಂಬಾ ಸಣ್ಣದು, ಯುದ್ಧ ಬಂದಾಗ ಒಂದೊಂದು ರಾಜ್ಯವೂ ತನ್ನ ಜನರಿಂದಲೇ ರೆಜಿಮೆಂಟ್ ಕಟ್ಟಿ ಕಳಿಸ್ತಿತ್ತು. ರೈತ, ಕ್ಷೌರಿಕ, ಹಡಗಿನ ಕೂಲಿ, ಯಾರು ಬೇಕಾದ್ರೂ ಮೂರು ವರ್ಷಕ್ಕೆ ಅಂತ ಸಹಿ ಹಾಕಿ ಸೇರ್ತಿದ್ರು. ಆದ್ರೆ ಕರಿಯರನ್ನ ಮಾತ್ರ ತಗೋತಿರಲಿಲ್ಲ. 1863ರ ಜನವರಿ 1ರಂದು ಅಧ್ಯಕ್ಷ ಲಿಂಕನ್ ಗುಲಾಮರ ವಿಮೋಚನಾ ಘೋಷಣೆ ಹೊರಡಿಸಿದ ಮೇಲೆ ಬಾಗಿಲು ತೆಗೀತು, ಮ್ಯಾಸಚೂಸೆಟ್ಸ್ ಗವರ್ನರ್ ಜಾನ್ ಆಂಡ್ರೂ ಕಟ್ಟಿಸಿದ್ದೇ ಈ 54ನೇ ರೆಜಿಮೆಂಟು. ಆ ವರ್ಷ ಮೇ 28ಕ್ಕೆ ಸುಮಾರು 1000 ಜನ ಇದೇ ಬೀಕನ್ ಸ್ಟ್ರೀಟ್‌ನಲ್ಲಿ ಮೆರವಣಿಗೆ ಮಾಡಿಕೊಂಡು ಹೋಗಿ ಹಡಗು ಹತ್ತಿದ್ರು, ಅವರೊಳಗೆ ಕಾರ್ನಿಯೂ ಇದ್ದ.

ರಸ್ತೆ ದಾಟಿ ಸ್ಟೇಟ್ ಹೌಸ್ ಒಳಗೆ ಹೋದ್ವಿ, ಪ್ರವೇಶ ಫ್ರೀ, ವಾರದ ದಿನಗಳಲ್ಲಿ ಮಾತ್ರ. ಬಾವುಟಗಳ ಹಾಲ್ ಅಂತ ದುಂಡಗಿನ ಹಾಲ್ ಇದೆ, ಯುದ್ಧದಿಂದ ವಾಪಸ್ ಬಂದ ಬಾವುಟಗಳನ್ನ ಇಟ್ಟ ಜಾಗ, ಹಳೇ ಬಟ್ಟೆ ಹಾಳಾಗಬಾರದು ಅಂತ ಅಸಲಿಯನ್ನ ಬೇರೆ ಕಡೆ ಕಾಪಾಡಿ ಇಟ್ಟಿದಾರೆ, ಇಲ್ಲಿ ಕಾಣೋದು ಪ್ರತಿಗಳು. ಕಾರ್ನಿ ಪೋಸ್ಟ್ ಆಫೀಸ್ ಬಿಟ್ಟ ಮೇಲೆ ಇದೇ ಕಟ್ಟಡದಲ್ಲಿ ಮೆಸೆಂಜರ್ ಕೆಲಸಕ್ಕೆ ಸೇರಿದ. ಅಂದ್ರೆ ಕೊನೆಗಾಲದಲ್ಲೂ ಕಾಗದ ಪತ್ರ ಒಯ್ಯೋ ಕೆಲಸವೇ. 1908ರ ನವೆಂಬರ್‌ನಲ್ಲಿ ಇಲ್ಲಿನ ಲಿಫ್ಟ್‌ಗೆ ಕಾಲು ಸಿಕ್ಕಿ ಜಜ್ಜಿಹೋಯ್ತು, ಡಿಸೆಂಬರ್ 9ಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡ. ಸ್ಟೇಟ್ ಹೌಸ್ ಮೇಲಿನ ಬಾವುಟ ಅವನಿಗೋಸ್ಕರ ಅರ್ಧಕ್ಕೆ ಇಳಿಸಿದ್ರು.

ಇದನ್ನ ಕೇಳಿದ ಮೇಲೆ ಅಪ್ಪ ಲಿಫ್ಟ್ ಹತ್ತಲೇ ಇಲ್ಲ. ಸೈಕಲ್ ತುಳಿದು ತುಳಿದು ಮೊಣಕಾಲು ಸವೆದಿದೆ, ಆದ್ರೂ ಕಟಾಂಜನ ಹಿಡ್ಕೊಂಡು ಮೆಟ್ಟಿಲು ಇಳಿದೇ ಬಂದ್ರು.

ದಿನ 2, ಶನಿವಾರ, ರೀಡ್‌ವಿಲ್ ಮತ್ತು ದಾರಿ

ಬೆಳಿಗ್ಗೆ ತಿಂಡಿ ತಿಂದು ಹೊರಟು ಮೊದಲು ರೀಡ್‌ವಿಲ್‌ಗೆ ಹೋದ್ವಿ, ಬಾಸ್ಟನ್ ಸಿಟಿಯ ತುದಿ, ರೈಲು ಹಳಿ ಪಕ್ಕದ ಸಾಧಾರಣ ಏರಿಯಾ. 54ನೇ ರೆಜಿಮೆಂಟ್ ತರಬೇತಿ ಪಡೆದ ಕ್ಯಾಂಪ್ ಮೀಗ್ಸ್ ಇದ್ದ ಜಾಗ ಈಗ ಒಂದು ಸಣ್ಣ ಪಾರ್ಕು, ಆಟದ ಮೈದಾನ. ಮಕ್ಕಳು ಉಯ್ಯಾಲೆ ಆಡ್ತಿದ್ರು. ನೋಡೋಕೆ ಜಾಸ್ತಿ ಏನಿಲ್ಲ, ಇಪ್ಪತ್ತು ನಿಮಿಷ ಇದ್ವಿ.

ಆದ್ರೆ ಅಲ್ಲಿಂದ ನ್ಯೂ ಬೆಡ್‌ಫೋರ್ಡ್‌ಗೆ ಕಾರಲ್ಲಿ ಹೋಗೋವಾಗ ಸಂಬಳದ ವಿಷಯ ಬಂತು ನೋಡಿ, ಅದು ಅಪ್ಪನ ಮನಸ್ಸಿಗೆ ಹತ್ತಿದ್ದು. ಸೇರುವಾಗ ಇವರಿಗೆ ಹೇಳಿದ್ದು ತಿಂಗಳಿಗೆ 13 ಡಾಲರ್, ಬಿಳಿ ಸೈನಿಕರಿಗೆ ಕೊಡೋ ಅಷ್ಟೇ. ದಕ್ಷಿಣಕ್ಕೆ ಹೋದ ಮೇಲೆ ಸರ್ಕಾರ ಹೇಳಿದ್ದೇನಂದ್ರೆ ಕರಿಯರಿಗೆ 10 ಡಾಲರ್ ಮಾತ್ರ, ಅದರಲ್ಲೂ 3 ಡಾಲರ್ ಬಟ್ಟೆಗೆ ಕಟ್, ಕೈಗೆ 7. ಇಡೀ ರೆಜಿಮೆಂಟು ಆ ದುಡ್ಡು ಬೇಡ ಅಂತು. ಒಂದು ತಿಂಗಳಲ್ಲ, 18 ತಿಂಗಳು. ಮನೆಯಲ್ಲಿ ಹೆಂಡ್ತಿ ಮಕ್ಕಳು ಕಷ್ಟಪಡ್ತಿದ್ರೂ ಬೇಡ. ಮ್ಯಾಸಚೂಸೆಟ್ಸ್ ರಾಜ್ಯದವರು ಕಡಿಮೆ ಬಿದ್ದಷ್ಟನ್ನ ನಾವು ತುಂಬಿಕೊಡ್ತೀವಿ ಅಂತ ದುಡ್ಡು ಹಿಡ್ಕೊಂಡು ಬಂದ್ರೆ ಅದನ್ನೂ ವಾಪಸ್ ಕಳಿಸಿದ್ರು, ಕೊರತೆ ಇದ್ದಿದ್ದು ಆರು ಡಾಲರದ್ದಲ್ಲ, ಕೇಂದ್ರ ಸರ್ಕಾರ ತಮ್ಮನ್ನ ಸೈನಿಕರು ಅಂತ ಒಪ್ಪಿಕೊಳ್ಳಬೇಕಿತ್ತು. 1864ರ ಜೂನ್‌ನಲ್ಲಿ ಕಾಂಗ್ರೆಸ್, ಅಂದ್ರೆ ಇಲ್ಲಿನ ಸಂಸತ್ತು, ಸಮಾನ ವೇತನಕ್ಕೆ ಒಪ್ಪಿತು.

"ಕಾರ್ನಿಗೂ ಪಗಾರ ಇಲ್ಲದಂಗ?"

ಹೌದು, ಅದೇ ಜೂನ್ 30ಕ್ಕೆ ಗಾಯದ ಕಾರಣಕ್ಕೆ ಅವನನ್ನ ಸೈನ್ಯದಿಂದ ಬಿಡುಗಡೆ ಮಾಡಿದ್ರು ಅಂದೆ. ಅಂದ್ರೆ ಕೋಟೆ ಮೇಲೆ ಹತ್ತಿದ ರಾತ್ರಿ ಅವನು ಸಂಬಳವಿಲ್ಲದ ಸೈನಿಕ. ಅಪ್ಪ ತುಂಬಾ ಹೊತ್ತು ಕಿಟಕಿ ಹೊರಗೆ ನೋಡ್ತಾ ಕೂತ್ರು, ಆಮೇಲೆ "ಹಸದ ಹೊಟ್ಟ್ಯಾಗ ರೊಕ್ಕ ಬ್ಯಾಡ ಅನ್ನೋದು ಸಣ್ಣ ಮಾತಲ್ಲಪಾ" ಅಂದ್ರು. ನನಗೂ ಈ 18 ತಿಂಗಳು ಆ ಒಂದು ರಾತ್ರಿಯ ಯುದ್ಧಕ್ಕಿಂತ ಕಡಿಮೆ ಅನ್ಸಲ್ಲ.

ಸಂಜೆ ಹೊತ್ತಿಗೆ ನ್ಯೂ ಬೆಡ್‌ಫೋರ್ಡ್. ಬಂದರಿನ ತುಂಬಾ ಮೀನಿನ ದೋಣಿ, ಗಾಳಿಯಲ್ಲೇ ಉಪ್ಪು. ಲಾಡ್ಜ್ ರೂಮಲ್ಲಿ ಅವ್ವ ಕೊಟ್ಟ ರೊಟ್ಟಿ ಚಟ್ನಿ ತಿಂದು ಮಲಗಿದ್ವಿ.

ದಿನ 3, ಭಾನುವಾರ, ನ್ಯೂ ಬೆಡ್‌ಫೋರ್ಡ್

ಇಡೀ ಪ್ರವಾಸದಲ್ಲಿ ನಂಗೆ ಜಾಸ್ತಿ ಉಳಿದಿದ್ದು ಈ ದಿನ.

ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ ಈ ಊರು ತಿಮಿಂಗಿಲ ಬೇಟೆಗೆ ಜಗತ್ತಿಗೇ ರಾಜಧಾನಿ. ತಿಮಿಂಗಿಲದ ಎಣ್ಣೆಯಿಂದ ದೀಪ ಉರೀತಿದ್ದ ಕಾಲ, ಹಡಗುಗಳಿಗೆ ಆಳು ಬೇಕಿತ್ತು, ಬಣ್ಣ ನೋಡದೆ ಕೆಲಸ ಕೊಡ್ತಿದ್ರು, ಹಾಗಾಗಿ ದಕ್ಷಿಣದಿಂದ ತಪ್ಪಿಸಿಕೊಂಡು ಬಂದ ಗುಲಾಮರು ಇಲ್ಲಿಗೆ ಬಂದು ಸೇರ್ತಿದ್ರು, ಊರೂ ಅವರನ್ನ ಬಚ್ಚಿಟ್ಟು ಕಾಪಾಡ್ತಿತ್ತು. ಕಾರ್ನಿಯ ಅಪ್ಪ ಮೊದಲು ಬಿಡುಗಡೆ ಆಗಿ ಬಂದ, ಆಮೇಲೆ ಕುಟುಂಬ ಇಲ್ಲಿ ಒಂದಾಯ್ತು. ಸೆವೆಂತ್ ಸ್ಟ್ರೀಟ್‌ನಲ್ಲಿ ನೇಥನ್ ಮತ್ತು ಪಾಲಿ ಜಾನ್ಸನ್ ದಂಪತಿಯ ಮನೆ ಇದೆ, ಗುಲಾಮಗಿರಿ ವಿರುದ್ಧ ಹೋರಾಡಿದ ದೊಡ್ಡ ನಾಯಕ ಫ್ರೆಡರಿಕ್ ಡಗ್ಲಸ್ 1838ರಲ್ಲಿ ದಕ್ಷಿಣದಿಂದ ಓಡಿ ಬಂದಾಗ ಮೊದಲು ಉಳ್ಕೊಂಡಿದ್ದು ಅಲ್ಲಿ, ಡಗ್ಲಸ್ ಅನ್ನೋ ಹೆಸರು ಇಟ್ಕೊಂಡಿದ್ದೂ ಅಲ್ಲೇ. ಡಗ್ಲಸ್ ಅವರ ಮಗ ಲೂಯಿಸ್ ಹುಟ್ಟಿದ್ದು ಇದೇ ಊರಲ್ಲಿ, 1840ರಲ್ಲಿ, ಕಾರ್ನಿ ಹುಟ್ಟಿದ ವರ್ಷವೇ, ಮುಂದೆ ಇಬ್ಬರೂ ಒಂದೇ ರೆಜಿಮೆಂಟಲ್ಲಿ ಫೋರ್ಟ್ ವ್ಯಾಗ್ನರ್‌ಗೆ ಹೋದ್ರು.

ಇನ್ನೊಂದು ವಿಷಯ. ಕಾರ್ನಿ ಹುಟ್ಟಿದ ವರ್ಜೀನಿಯಾದಲ್ಲಿ ಗುಲಾಮರನ್ನ ಸೇರಿಸಿ ಓದು ಕಲಿಸೋದು ಕಾನೂನು ಪ್ರಕಾರ ಅಪರಾಧ. ಹದಿನಾಲ್ಕನೇ ವಯಸ್ಸಲ್ಲಿ ಅವನು ಕೆಲಸ ಇಲ್ಲದ ಹೊತ್ತಲ್ಲಿ ಒಬ್ಬ ಪಾದ್ರಿ ಗುಟ್ಟಾಗಿ ನಡೆಸ್ತಿದ್ದ ಶಾಲೆಗೆ ಹೋಗಿ ಅಕ್ಷರ ಕಲಿತ. ತಾನೂ ಪಾದ್ರಿ ಆಗಬೇಕು ಅಂತ ಆಸೆ ಇತ್ತು, ಯುದ್ಧ ಬಂದಾಗ ದೇಶಕ್ಕೆ, ತನ್ನ ಜನಕ್ಕೆ ಕೆಲಸ ಮಾಡಿದ್ರೆ ದೇವರಿಗೆ ಮಾಡಿದಂಗೆ ಅಂತ ಸೇನೆಗೆ ಸೇರಿದ. 1863ರಲ್ಲಿ ಪತ್ರಿಕೆಯೊಂದಕ್ಕೆ ಅವನೇ ಬರೆದ ಪತ್ರದಲ್ಲಿ ಇದೆಲ್ಲಾ ಇದೆ. ಯುದ್ಧ ಮುಗಿದ ಮೇಲೆ ಮದುವೆ ಆಗಿ, ಕ್ಯಾಲಿಫೋರ್ನಿಯಾ ಕಡೆ ಹೋಗಿ ಬಂದು, 1869ರಲ್ಲಿ ಇಲ್ಲಿ ಪೋಸ್ಟ್‌ಮ್ಯಾನ್ ಆದ.

ಇದನ್ನ ಹೇಳ್ತಾ ಮಿಲ್ ಸ್ಟ್ರೀಟ್‌ನಲ್ಲಿ ಅವನಿದ್ದ ಮನೆ ಮುಂದೆ ನಿಂತಿದ್ವಿ, ಹೊರಗಿಂದಲೇ ನೋಡಿದ್ವಿ. ಅಪ್ಪ ನನ್ನ ಮಾತು ತಡೆದ್ರು.

"ಅವನು ಅವನು ಅಂತೀಯಲ್ಲ, ನಿನಗೇನು ಗೆಳ್ಯಾನ? 32 ವರ್ಷ ಸರ್ವಿಸ್ ಮಾಡ್ಯಾರ. ಅವರು ಅನ್ನು."

ಸರಿ. ಇಲ್ಲಿಂದ ನಾನೂ ಅವರು ಅಂತಲೇ ಬರೀತೀನಿ.

ಅಪ್ಪಂಗೆ ಅವರ ಬೀಟ್ ಹೆಂಗಿತ್ತು ಅಂತ ನೋಡಬೇಕಿತ್ತು. ಯಾವ ಯಾವ ಓಣಿ ಅಂತ ನನಗೆ ಸಿಗಲಿಲ್ಲ, ಆದ್ರೆ ಊರು ಗುಡ್ಡದ ಮೇಲಿಂದ ಬಂದರಿಗೆ ಇಳಿಜಾರಾಗಿದೆ, ಎಲ್ಲಿ ಹೋದ್ರೂ ಏರಿಳಿತ ತಪ್ಪಿದ್ದಲ್ಲ. ನಾವು ಸುಮ್ಮನೆ ಕೆಳಗೆ ಬಂದರಿನವರೆಗೂ ನಡೆದು ಮತ್ತೆ ಮೇಲೆ ಹತ್ತಿದ್ವಿ. ಅರ್ಧಕ್ಕೆ ಅಪ್ಪ ನಿಂತು ಮೊಣಕಾಲು ಹಿಡ್ಕೊಂಡು, "ಚೀಲದ ತೂಕ ಎಡ ಹೆಗಲಿಗೆ ಬರತೈತಿ, ಚಡಾವಿನಾಗ ಬಲಗಾಲಿಗೆ ಬಡೀತೈತಿ, ಗುಂಡು ತಿಂದ ಮೈಗೆ ಹೆಂಗಾಗಿರಬೇಕು" ಅಂದ್ರು. ಇಷ್ಟು ಕರೆಕ್ಟಾಗಿ ಈ ಮನುಷ್ಯನ ಬಗ್ಗೆ ಬೇರೆ ಯಾರೂ ಯೋಚನೆ ಮಾಡಿರಲಿಕ್ಕಿಲ್ಲ ಅನಿಸ್ತು ನಂಗೆ.

ಅಮೆರಿಕದ ಊರುಗಳಲ್ಲಿ ಮನೆ ಬಾಗಿಲಿಗೆ ಫ್ರೀಯಾಗಿ ಟಪಾಲು ತಲುಪಿಸೋ ಪದ್ಧತಿ ಶುರುವಾಗಿದ್ದೇ 1863ರ ಜುಲೈ 1ಕ್ಕೆ, ಅಂದ್ರೆ ಕಾರ್ನಿಯವರು ಬಾವುಟ ಹಿಡಿಯೋಕೆ 17 ದಿನ ಮೊದಲು. ಅಲ್ಲಿವರೆಗೂ ಹೆಚ್ಚಿನ ಜನ ಪೋಸ್ಟ್ ಆಫೀಸಿಗೇ ಹೋಗಿ ಪತ್ರ ತರಬೇಕಿತ್ತು, ಯುದ್ಧ ನಡೀತಿರೋವಾಗ ಮಗನ ಪತ್ರ ಬಂತಾ ಅಂತ ಸಾಲು ನಿಲ್ಲಬೇಕಿತ್ತು. ಈ ಮಾತಿಗೆ ಅಪ್ಪ ಕಾರ್ಗಿಲ್ ಟೈಮಿನ ಒಂದು ಕಥೆ ಹೇಳಿದ್ರು, ನಾನು ಇದುವರೆಗೆ ಕೇಳಿರಲಿಲ್ಲ. ಅವರ ಬೀಟಲ್ಲಿ ಒಬ್ಬಾಕೆ, ಮಗ ಮಿಲಿಟರಿಯಲ್ಲಿ, ಓದೋಕೆ ಬರ್ತಿರಲಿಲ್ಲ, ಪತ್ರ ಬಂದ್ರೆ ಅಪ್ಪನೇ ಕಟ್ಟೆ ಮೇಲೆ ಕೂತು ಎರಡು ಸಲ ಓದಿ ಹೇಳ್ತಿದ್ರಂತೆ. ಆ ಎರಡು ತಿಂಗಳು ಪತ್ರ ಬರಲೇ ಇಲ್ಲ, ಆಕೆ ದಿನಾ ಅಪ್ಪನ ಸೈಕಲ್ ಕಂಡ ಕೂಡಲೇ ಎದ್ದು ನಿಲ್ತಿದ್ದಳಂತೆ, ಇಲ್ಲವ್ವಾ ಅಂತ ಹೇಳೋಕೆ ಬಾಯಿ ಬರದೆ ಅಪ್ಪ ಎಷ್ಟೋ ದಿನ ಹಿಂದಿನ ಓಣಿ ಸುತ್ತಿ ಹೋಗಿಬಿಡ್ತಿದ್ರಂತೆ. ಮಗ ಬಂದ, ಆರಾಮ ಬಂದ. "ಆದ್ರ ನಾ ಸುತ್ತಿ ಹೋಗಬಾರದಾಗಿತ್ತು" ಅಂದ್ರು.

ಮಧ್ಯಾಹ್ನ ಓಕ್ ಗ್ರೋವ್ ಸ್ಮಶಾನ. ಕಾರ್ನಿಯವರ ಸಮಾಧಿ ಹುಡುಕೋಕೆ ಅರ್ಧ ತಾಸು ಬೇಕಾಯ್ತು. ಕಲ್ಲಿನ ಮೇಲೆ ಅವರಿಗೆ ಸಿಕ್ಕ ಮೆಡಲ್ ಆಫ್ ಆನರ್ ಪದಕದ ಚಿತ್ರ ಇದೆ, ಅಮೆರಿಕದಲ್ಲಿ ಅದಕ್ಕಿಂತ ದೊಡ್ಡ ಸೇನಾ ಪದಕ ಇಲ್ಲ, ನಮ್ಮ ಪರಮವೀರ ಚಕ್ರ ಇದ್ದಂಗೆ. ಅದು ಸಿಕ್ಕಿದ್ದು 1900ರ ಮೇ 23ಕ್ಕೆ, ಬಾವುಟ ಹಿಡಿದು ಹತ್ತತ್ರ 37 ವರ್ಷ ಆದ ಮೇಲೆ, ಆಗಿನ್ನೂ ಅವರು ಟಪಾಲು ಚೀಲ ಹೊತ್ತುಕೊಂಡೇ ಓಡಾಡ್ತಿದ್ರು, ರಿಟೈರ್ ಆಗಿದ್ದು ಮುಂದಿನ ವರ್ಷ. ಅಪ್ಪ ಚಪ್ಪಲಿ ಬಿಟ್ಟು ಕೈ ಮುಗಿದ್ರು. ಹುಲ್ಲು ಒದ್ದೆ ಇತ್ತು.

ದಿನ 4, ಸೋಮವಾರ, ಚಾರ್ಲ್ಸ್‌ಟನ್‌ಗೆ

ವಿಮಾನ ಮೂರು ತಾಸು ಲೇಟು, ಇಡೀ ದಿನ ಅದರಲ್ಲೇ ಹೋಯ್ತು. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಇಳಿದ ಕೂಡಲೇ ಬಿಸಿ ಗಾಳಿ ಮುಖಕ್ಕೆ ಬಡೀತು, ಅಪ್ಪ ಸ್ವೆಟರ್ ಬಿಚ್ಚಿ "ಇದು ನಮ್ಮೂರ ಹವಾ" ಅಂತ ಖುಷಿಪಟ್ರು. ಕಾರ್ನಿಯವರು ಇದೇ ದೂರವನ್ನ ಹಡಗಲ್ಲಿ ಬಂದಿದ್ದು, ಅಷ್ಟೇ ಯೋಚನೆ ಮಾಡಿ ಮಲಗಿದೆ.

ದಿನ 5, ಮಂಗಳವಾರ, ಸಮುದ್ರದ ಮೇಲೆ

ಫೋರ್ಟ್ ಸಮ್ಟರ್‌ಗೆ ಫೆರಿ ಇದೆ, ಊರಿನ ಲಿಬರ್ಟಿ ಸ್ಕ್ವೇರ್‌ನಿಂದ ಸುಮಾರು ಅರ್ಧ ತಾಸು. 1861ರ ಏಪ್ರಿಲ್ 12ಕ್ಕೆ ಯುದ್ಧದ ಮೊದಲ ತೋಪು ಹಾರಿದ್ದು ಈ ಕೋಟೆ ಮೇಲೆ. ನಮಗೆ ಬೇಕಾಗಿದ್ದು ಕೋಟೆಯಲ್ಲ, ಅದರ ಗೋಡೆ ಮೇಲಿಂದ ದಕ್ಷಿಣಕ್ಕೆ ಕಾಣೋ ಮಾರಿಸ್ ಐಲ್ಯಾಂಡು. ನೋಡಿದ್ರೆ ತಗ್ಗಾದ ಮರಳಿನ ಪಟ್ಟಿ, ಒಂದಿಷ್ಟು ಹುಲ್ಲು, ಮನೆ ಇಲ್ಲ ಮಠ ಇಲ್ಲ. ಫೋರ್ಟ್ ವ್ಯಾಗ್ನರ್ ಇದ್ದಿದ್ದು ಅದರ ಮೇಲೆ, ಆ ಜಾಗವನ್ನ ಸಮುದ್ರ ಕೊರೆದು ನುಂಗಿ ಎಷ್ಟೋ ಕಾಲ ಆಗಿದೆ.

ಆ ಕೋಟೆ ಕಲ್ಲಿನದಲ್ಲ, ಮರಳು ಮತ್ತು ಪಾಮೆಟೊ ಅನ್ನೋ ತಾಳೆ ಜಾತಿಯ ಮರದ ದಿಮ್ಮಿಗಳದ್ದು. ಅದೇ ಅದರ ಶಕ್ತಿ, ತೋಪಿನ ಗುಂಡು ಮರಳಲ್ಲಿ ಹೂತು ಹೋಗ್ತಿತ್ತು. ದ್ವೀಪದ ಆ ಕಡೆಯಿಂದ ಈ ಕಡೆವರೆಗೂ ಅಡ್ಡ ಕಟ್ಟಿದ್ರು, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕೆಸರು, ನಡುವೆ ಹೋಗೋಕೆ ಇದ್ದಿದ್ದು ಸಣ್ಣ ಮರಳ ದಾರಿ, ಎದುರಿಗೆ ಕಂದಕ. 1863ರ ಜುಲೈ 18, ಇಡೀ ದಿನ ಹಡಗುಗಳಿಂದ, ದಡದಿಂದ ಉತ್ತರದವರು ತೋಪು ಹಾರಿಸಿದ್ರು, ಒಳಗಿನವರೆಲ್ಲಾ ಸತ್ತಿರಬೇಕು ಅಂದ್ಕೊಂಡ್ರು. ಆದ್ರೆ ಅವರು ನೆಲದೊಳಗಿನ ಗೂಡಲ್ಲಿ ಅಡಗಿ ಕೂತಿದ್ರು. 54ನೇ ರೆಜಿಮೆಂಟು ಎರಡು ದಿನ ಮೊದಲಷ್ಟೇ ಪಕ್ಕದ ಜೇಮ್ಸ್ ಐಲ್ಯಾಂಡ್‌ನಲ್ಲಿ ಹೊಡೆದಾಡಿ, ರಾತ್ರಿಯಿಡೀ ಮಳೆ ಕೆಸರಲ್ಲಿ ನಡೆದು, ಸರಿಯಾಗಿ ಊಟ ನಿದ್ದೆ ಇಲ್ಲದೆ ಬಂದಿತ್ತು. ಮುಂದೆ ನಿಲ್ತೀವಿ ಅಂತ ಒಪ್ಪಿಕೊಂಡಿದ್ದು ಅವರೇ. ಸೂರ್ಯ ಮುಳುಗೋ ಹೊತ್ತಿಗೆ ಸುಮಾರು 600 ಜನ ಆ ಮರಳ ದಾರಿಯಲ್ಲಿ ಹೊರಟ್ರು.

ಸಿಕ್ಕಿಬಿದ್ರೆ ಏನಾಗತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ಸೆರೆ ಸಿಕ್ಕ ಕರಿಯ ಸೈನಿಕರನ್ನ ದಕ್ಷಿಣದವರು ಯುದ್ಧಕೈದಿ ಅಂತ ಲೆಕ್ಕಕ್ಕೇ ತಗೋತಿರಲಿಲ್ಲ, ಸಾವು, ಇಲ್ಲಾಂದ್ರೆ ಮತ್ತೆ ಗುಲಾಮಗಿರಿ. ಗುಲಾಮಗಿರಿಯಿಂದ ಒಂದು ಸಲ ಹೊರಗೆ ಬಂದವರು ಕಾರ್ನಿಯವರು.

ಬಾವುಟ ಹಿಡಿದಿದ್ದ ಸಾರ್ಜೆಂಟ್ ಗುಂಡು ತಗುಲಿ ಬಿದ್ದ. ಕಾರ್ನಿಯವರು ಬಾವುಟ ಎತ್ಕೊಂಡು ಕಂದಕ ದಾಟಿ ಕೋಟೆಯ ಇಳಿಜಾರು ಹತ್ತಿ ಮೇಲೆ ನೆಟ್ಟರು. ಅಲ್ಲಿ ನೋಡಿದ್ರೆ ಸುತ್ತ ಸತ್ತವರು, ಗಾಯಗೊಂಡವರು, ಎದ್ದು ನಿಂತವರು ಯಾರೂ ಇಲ್ಲ. ಆಮೇಲೆ ಅವರೇ ಹೇಳಿಕೊಂಡಿರೋ ಪ್ರಕಾರ ಕತ್ತಲಲ್ಲಿ ಒಂದು ಗುಂಪು ಬರೋದು ಕಂಡು ನಮ್ಮವರು ಅಂತ ಬಾವುಟ ಎತ್ತೋಕೆ ಹೊರಟ್ರು, ಅಷ್ಟರಲ್ಲಿ ಬಂದವರ ಬಾವುಟ ಕಂಡಿತು, ಶತ್ರುಗಳದ್ದು. ತಕ್ಷಣ ಬಟ್ಟೆಯನ್ನ ಕೋಲಿಗೆ ಸುತ್ತಿ ಕೆಳಗೆ ಇಳಿದ್ರು. ಹೋಗುವಾಗ ಒಣಗಿದ್ದ ಕಂದಕದಲ್ಲಿ ಈಗ ಸೊಂಟದ ಮಟ್ಟ ನೀರು. ಅದನ್ನ ದಾಟಿ ತೆವಳಿಕೊಂಡು ಬರುವಾಗ ಮತ್ತೆ ಗುಂಡು. ನ್ಯೂಯಾರ್ಕಿನ ರೆಜಿಮೆಂಟಿನ ಒಬ್ಬ ಸೈನಿಕ ಕೈ ಹಿಡಿದು ಕರ್ಕೊಂಡು ಬಂದ, ಬಾವುಟ ನಾನು ಹಿಡೀತೀನಿ ಕೊಡು ಅಂದ, ಇವರು ಕೊಡಲಿಲ್ಲ, 54ರವರು ಬಿಟ್ಟು ಬೇರೆ ಯಾರೂ ಇದನ್ನ ಹೊರೋ ಹಾಗಿಲ್ಲ ಅಂದ್ರು. ತಮ್ಮವರ ಹತ್ರ ತಲುಪಿ ಹೇಳಿದ್ದು ಇಷ್ಟೇ, ನಾನು ನನ್ನ ಕರ್ತವ್ಯ ಮಾಡಿದೆ, ಬಾವುಟ ನೆಲ ಮುಟ್ಟಲಿಲ್ಲ.

ಆ ರಾತ್ರಿ ದಾಳಿ ಸೋತಿತು. ಉತ್ತರದವರಲ್ಲಿ ಸತ್ತು, ಗಾಯಗೊಂಡು, ಕಾಣೆಯಾದವರು ಸುಮಾರು 1500, ಅದರಲ್ಲಿ 270ಕ್ಕೂ ಜಾಸ್ತಿ 54ರವರು. ಕರ್ನಲ್ ಶಾ ಕೋಟೆ ಮೇಲೇ ಸತ್ತ. ಅವಮಾನ ಮಾಡಬೇಕು ಅಂತ ಶತ್ರುಗಳು ಅವನನ್ನ ಅವನ ಕರಿಯ ಸೈನಿಕರ ಜೊತೆ ಒಂದೇ ಗುಂಡಿಯಲ್ಲಿ ಹೂತ್ರು. ಆಮೇಲೆ ಹೆಣ ತೆಗೆಸಿಕೊಡೋಣ ಅಂತ ಮಾತು ಬಂದಾಗ ಶಾನ ಅಪ್ಪ ಬೇಡ ಅಂದ್ರು, ನನ್ನ ಮಗನಿಗೆ ಅವನ ಸೈನಿಕರ ಜೊತೆಗಿಂತ ಒಳ್ಳೆ ಜಾಗ ಇಲ್ಲ ಅಂತ. ಆದ್ರೆ ಕರಿಯರು ಹೋರಾಡ್ತಾರಾ ಅಂತ ಕೇಳೋರ ಬಾಯಿ ಅವತ್ತಿಗೆ ಮುಚ್ಚಿತು. ಯುದ್ಧ ಮುಗಿಯೋ ಹೊತ್ತಿಗೆ ಸುಮಾರು 1,80,000 ಕರಿಯರು ಉತ್ತರದ ಸೈನ್ಯದಲ್ಲಿ ಸೇವೆ ಮಾಡಿದ್ರು.

ಇದೆಲ್ಲಾ ಹೇಳಿ ಮುಗಿಸೋ ಹೊತ್ತಿಗೆ ಫೆರಿ ಸೀಟಿ ಹೊಡೀತು. ಬಾಸ್ಟನ್‌ನಲ್ಲಿ ಹೇಳೋದು ಬಿಟ್ಟಿದ್ದ ಒಂದು ಮಾತು ವಾಪಸ್ ಬರುವಾಗ ಹೇಳ್ದೆ. 1897ರಲ್ಲಿ ಆ ಕಂಚಿನ ಸ್ಮಾರಕದ ಅನಾವರಣದ ದಿನ ಮ್ಯೂಸಿಕ್ ಹಾಲ್‌ನಲ್ಲಿ ಸಭೆ, ಕರಿಯರ ಆಗಿನ ದೊಡ್ಡ ನಾಯಕ ಬೂಕರ್ ಟಿ. ವಾಷಿಂಗ್ಟನ್ ಭಾಷಣ, ವೇದಿಕೆ ಮೇಲೆ ಕಾರ್ನಿಯವರು ಕೈಯಲ್ಲಿ ಬಾವುಟ ಹಿಡ್ಕೊಂಡು ಕೂತಿದ್ರು. ವಾಷಿಂಗ್ಟನ್ ಕಾರ್ನಿಯವರ ಕಡೆ ತಿರುಗಿ ಮಾತಾಡಿದ ಕೂಡಲೇ ಕಾರ್ನಿಯವರು ಯಾರೂ ಹೇಳದೆ ಎದ್ದು ಬಾವುಟ ಎತ್ತಿದ್ರು, ಇಡೀ ಸಭೆ ಎದ್ದು ನಿಂತು ಕೂಗಿತು.

"ಮರುದಿನ ಡ್ಯೂಟಿಗೆ ಹೋಗ್ಯಾರೇನು?" ಅಂದ್ರು ಅಪ್ಪ.

ದಿನ 6, ಬುಧವಾರ, ಫಾಲಿ ಬೀಚ್

ಮಾರಿಸ್ ಐಲ್ಯಾಂಡ್‌ಗೆ ರಸ್ತೆ ಇಲ್ಲ. ಪಕ್ಕದ ಫಾಲಿ ಐಲ್ಯಾಂಡಿನ ಪೂರ್ವದ ತುದಿಗೆ ಹೋದ್ರೆ ನಡುವೆ ಸಣ್ಣ ಅಳಿವೆ, ಆ ಕಡೆ ಮಾರಿಸ್ ಐಲ್ಯಾಂಡು, ನೀರಲ್ಲಿ ಒಂಟಿ ಲೈಟ್‌ಹೌಸು. 1876ರಲ್ಲಿ ಕಟ್ಟಿದ್ದು, ಆಗ ಅದು ನೆಲದ ಮೇಲಿತ್ತು, ಈಗ ಸುತ್ತ ನೀರು. ಕಾರ್ ನಿಲ್ಲಿಸಿ ಒಡೆದುಹೋದ ಹಳೇ ಟಾರು ರಸ್ತೆಯಲ್ಲಿ ನಡೆದು ದಡ ಸೇರಬೇಕು. ಈ ಫಾಲಿ ಐಲ್ಯಾಂಡಲ್ಲೇ 1987ರಲ್ಲಿ ಮನೆ ಕಟ್ಟೋಕೆ ಅಂತ ನೆಲ ಅಗೆಯುವಾಗ 55ನೇ ಮ್ಯಾಸಚೂಸೆಟ್ಸ್ ಅನ್ನೋ ಮತ್ತೊಂದು ಕರಿಯರ ರೆಜಿಮೆಂಟಿನ ಸೈನಿಕರ ಅಸ್ಥಿ ಸಿಕ್ಕಿತ್ತು, ಎರಡು ವರ್ಷ ಆದ ಮೇಲೆ ಬ್ಯೂಫೋರ್ಟ್‌ನ ಸೈನಿಕರ ಸ್ಮಶಾನದಲ್ಲಿ ಗೌರವದಿಂದ ಮಣ್ಣು ಮಾಡಿದ್ರು.

ದಡದಲ್ಲಿ ಸತ್ತು ಬೆಳ್ಳಗಾದ ಮರಗಳು ಬಿದ್ದಿದ್ವು. ಒಂದು ಒಣ ಕೊರಕಲು ದಾಟಿ ಮುಂದೆ ಹೋಗಿ ಮರದ ಬೊಡ್ಡೆ ಮೇಲೆ ಕೂತ್ವಿ. ಅಪ್ಪ ಆ ಕಡೆ ದಡ ನೋಡ್ತಾ ಕೂತವರು ಏಳಲೇ ಇಲ್ಲ, ನಾನೂ ಏಳಿಸಲಿಲ್ಲ, ಒಂದೂವರೆ ತಾಸು ಆಗಿರಬೇಕು. ವಾಪಸ್ ಬಂದ್ರೆ ಆ ಕೊರಕಲಲ್ಲಿ ನೀರು ಬಂದಿದೆ, ಭರತ. ಮೊಣಕಾಲಿಗಿಂತ ಸ್ವಲ್ಪ ಮೇಲೆ, ಸೆಳೆತ ಬೇರೆ.

ಅಪ್ಪ ಒಂದು ಕ್ಷಣ ನೀರು ನೋಡಿದ್ರು, ನನ್ನ ನೋಡಿದ್ರು, ಇಬ್ಬರಿಗೂ ಒಂದೇ ನೆನಪು. ಶೂ ಬಿಚ್ಚಿ ಲೇಸು ಗಂಟು ಹಾಕಿ ಕುತ್ತಿಗೆಗೆ ನೇತು ಹಾಕ್ಕೊಂಡು, ಪ್ಯಾಂಟ್ ಮಡಚಿ, ಚೀಲವನ್ನ ತಲೆ ಮೇಲೆ ಎತ್ತಿ ಹಿಡಿದ್ರು. ಕೊಡಿ ನಾನು ಹಿಡ್ಕೋತೀನಿ ಅಂದೆ. "ಬ್ಯಾಡ, ನನ್ನ ಚೀಲ ನಾ ಹಿಡೀತೀನಿ" ಅಂದ್ರು. ಮಳೆಗಾಲದಲ್ಲಿ ಹಳ್ಳ ಬಂದಾಗ ಹಿಂಗೇ ದಾಟ್ತಿದ್ರಂತೆ, ಮನಿಯಾರ್ಡರ್ ದುಡ್ಡು ಪ್ಲಾಸ್ಟಿಕ್ಕಲ್ಲಿ ಸುತ್ತಿ ಟೊಪ್ಪಿಗೆ ಒಳಗೆ ಇಟ್ಕೊಂಡು. ನಾನು ಅವರ ರಟ್ಟೆ ಹಿಡ್ಕೊಂಡೆ, ಕಾಲ ಕೆಳಗೆ ಮರಳು ಜಾರ್ತಿತ್ತು, ನಿಧಾನಕ್ಕೆ ದಾಟಿದ್ವಿ. ಚೀಲಕ್ಕೆ ಒಂದು ಹನಿ ತಾಗಲಿಲ್ಲ.

ಚೀಲದಲ್ಲಿ ಇದ್ದಿದ್ದು ನೀರಿನ ಬಾಟಲಿ, ಉಳಿದ ಎರಡು ರೊಟ್ಟಿ, ಬೆಳಿಗ್ಗೆ ಅಂಗಡಿಯಲ್ಲಿ ತಗೊಂಡ ಲೈಟ್‌ಹೌಸ್ ಚಿತ್ರದ ಪೋಸ್ಟ್‌ಕಾರ್ಡು. ಕಾರಲ್ಲಿ ಕೂತು ಅಪ್ಪ ಅದರ ಹಿಂದೆ ಬ್ಯಾಡಗಿಯ ತಮ್ಮ ಹಳೇ ಜೊತೆಗಾರರಿಗೆ ಕನ್ನಡದಲ್ಲಿ ಬರೆದ್ರು, ನಾನು ಓದಲಿಲ್ಲ, ವಿಳಾಸ ಮಾತ್ರ ಇಂಗ್ಲಿಷಲ್ಲಿ ಬರೆದುಕೊಟ್ಟೆ, ಪಿನ್ ಕೋಡ್ ಅವರೇ ಹೇಳಿದ್ರು. ಊರೊಳಗೆ ಬಂದು ನೀಲಿ ಟಪಾಲು ಡಬ್ಬಿ ಹತ್ರ ನಿಲ್ಲಿಸ್ದೆ. ಸ್ಟಾಂಪ್ ಮೂಲೆ ಎದ್ದಿದೆಯಾ ಅಂತ ಹೆಬ್ಬೆರಳಲ್ಲಿ ಎರಡು ಸಲ ಒತ್ತಿ ನೋಡಿ ಒಳಗೆ ಹಾಕಿದ್ರು, ಮುಚ್ಚಳ ಇನ್ನೊಂದು ಸಲ ತೆಗೆದು ಕಾರ್ಡ್ ಪೂರ್ತಿ ಕೆಳಗೆ ಬಿದ್ದಿದೆಯಾ ಅಂತಲೂ ನೋಡಿದ್ರು. ಡಬ್ಬಿ ಮೇಲೆ ಅಂಟಿಸಿದ್ದ ಟೈಮಿನ ಚೀಟಿ ತೋರಿಸಿ ಏನು ಬರೆದಿದೆ ಅಂದ್ರು. ನಾಲ್ಕು ಗಂಟೆಗೆ ತೆಗೀತಾರೆ ಅಂದೆ. ಆಗ ಮೂರೂ ಇಪ್ಪತ್ತು.

"ವಿಮಾನ ಎಷ್ಟೊತ್ತಿಗೆ?"

ರಾತ್ರಿ ಎಂಟಕ್ಕೆ ಅಂದೆ. ಅಪ್ಪ ರಸ್ತೆ ಆಚೆ ಮರದ ನೆರಳಲ್ಲಿದ್ದ ಬೆಂಚ್ ನೋಡಿ ಅಲ್ಲಿಗೆ ಹೋಗಿ ಕೂತ್ರು, ನಾನು ರೊಟ್ಟಿ ತೆಗೆದೆ.